ಸ್ಪಷ್ಟನೆ: ಹಸಿರು ಇಂಜೆಕ್ಷನ್ ಗಂಟಲು ಕ್ಯಾನ್ಸರಿಗೆ ಮದ್ದಲ್ಲ
"ಹಸಿರು ಇಂಜೆಕ್ಷನ್ ಕೊಟ್ಟರೆ ಗಂಟಲು ಕ್ಯಾನ್ಸರ್ ಹೊಳೆದು ಸುಟ್ಟುಹೋಗುತ್ತದೆ, ಆಪರೇಷನ್ನೇ ಬೇಡ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅದು ಇಂಡೋಸಯನೀನ್ ಗ್ರೀನ್ ಎಂಬ ಬಣ್ಣ. ಹೊಸದೂ ಅಲ್ಲ, ಅಮೆರಿಕದಲ್ಲಿ 1959ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಕ್ಯಾನ್ಸರನ್ನು ಕೊಲ್ಲುವುದಿಲ್ಲ, ಆಪರೇಷನ್ ಮಾಡುವವರಿಗೆ ದಾರಿ ತೋರಿಸುತ್ತದೆ ಅಷ್ಟೇ. ಹೊಳಪು ಕಾಣುವುದೂ ವಿಶೇಷ ಕ್ಯಾಮೆರಾದಲ್ಲಿ ಮಾತ್ರ. ಗಡ್ಡೆ ತೆಗೆದ ಜಾಗಕ್ಕೆ ತೊಡೆಯಿಂದ ತಂದ ಚರ್ಮ ಹೊಲಿದ ಮೇಲೆ ಅದಕ್ಕೆ ರಕ್ತ ಹರಿಯುತ್ತಿದೆಯೇ ಎಂದು ಸರ್ಜನ್ ಪರದೆಯಲ್ಲಿ ನೋಡುತ್ತಾರೆ. ಕಪ್ಪಗೇ ಉಳಿದ ಅಂಚಿಗೆ ರಕ್ತ ಸರಿಯಾಗಿ ತಲುಪಿಲ್ಲ ಅಂತ ಅರ್ಥ. ಕ್ಯಾನ್ಸರ್ ಇಲ್ಲದೆ ಬರೀ ಊದಿಕೊಂಡ ಜಾಗವೂ ಹೊಳೆಯಬಹುದು, ಹಾಗಾಗಿ ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯಲು ಬಯಾಪ್ಸಿ (ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಕೇ ಬೇಕು.

ಆ ಮೆಸೇಜ್ ನಂಬಿ ಯಾರಾದರೂ ಆಪರೇಷನ್ ಮುಂದೂಡಿದರೆ ಗಡ್ಡೆ ಸುಮ್ನೆ ಕಾಯುವುದಿಲ್ಲ, ಅಲ್ವಾ? ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.