ಮೂರು ಡೋಸ್ ಆಯ್ತು, ಟೈಟರ್ ನೋಡಿಸಿದಿರಾ?

ನೈಟ್ ಡ್ಯೂಟಿಯಲ್ಲಿ ಒಮ್ಮೆ ರಕ್ತ ತೆಗೆಯುವಾಗ ಸೂಜಿ ನನ್ನ ಬೆರಳಿಗೇ ಚುಚ್ಚಿತು. ರೋಗಿಗೆ ಲಿವರ್‌ಗೆ ತಗಲುವ ವೈರಸ್ ಸೋಂಕು, ಹೆಪಟೈಟಿಸ್ ಬಿ ಪಾಸಿಟಿವ್. "ನಿಮ್ಮ ಟೈಟರ್ ಎಷ್ಟು?" ಎಂದು ಡಾಕ್ಟರ್ ಕೇಳಿದರು. ಬಾಯಿ ಒಣಗಿಹೋಯಿತು. ವರ್ಷಗಳ ಹಿಂದೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿಕೊಂಡಿದ್ದೆ, ಟೈಟರ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳ ಪ್ರಮಾಣ, ನೋಡಿಸಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದವರು ಈಗ ನನ್ನನ್ನು ಕೇಳುತ್ತಾರೆ, ಹೆಪಟೈಟಿಸ್ ಎ ಮತ್ತು ಬಿ ಸೇರಿದ ಲಸಿಕೆ ಒಳ್ಳೆಯದಾ, ಬೇರೆ ಬೇರೆ ಹಾಕಿಸಿಕೊಳ್ಳುವುದಾ ಅಂತ. ಜೋಡಿ ಲಸಿಕೆ 0, 1, 6ನೇ ತಿಂಗಳಿಗೆ ಮೂರು ಚುಚ್ಚು. ಬೇರೆ ಬೇರೆಯಾದರೆ ಸಾಮಾನ್ಯವಾಗಿ ಬಿಗೆ ಮೂರು, ಎಗೆ ಎರಡು, ಒಟ್ಟು ಐದು. ಶಿಫ್ಟ್ ಬದಲಾಗುತ್ತಲೇ ಇರುವವರಿಗೆ ಈ ಎರಡು ಚುಚ್ಚು ಉಳಿಯುವುದು ಸಣ್ಣದಲ್ಲ. ಬಿ ಅಂಶದಲ್ಲಿ ಕೊರತೆಯೂ ಇಲ್ಲ: ಜೋಡಿ ಲಸಿಕೆ ಟ್ವಿನ್‌ರಿಕ್ಸ್‌ನಲ್ಲೂ 20 ಮೈಕ್ರೋಗ್ರಾಂ, ಬಿ ಒಂದೇ ಇರುವ ಎಂಜೆರಿಕ್ಸ್‌ನಲ್ಲೂ ಅಷ್ಟೇ. ಎ ಅಂಶ ಮಾತ್ರ ಅರ್ಧ. ಎ ಒಂದೇ ಇರುವ ಹ್ಯಾವ್‌ರಿಕ್ಸ್‌ನ ವಯಸ್ಕರ ಡೋಸ್‌ನಲ್ಲಿ 1440 ಯೂನಿಟ್, ಜೋಡಿಯಲ್ಲಿ 720. ಹಾಗಾಗಿ ಎ ರಕ್ಷಣೆ ಬೇಗ ಬೇಕಿದ್ದರೆ ಒಂಟಿ ಲಸಿಕೆಯೇ ಸರಿ.

ನನ್ನ ಅಭಿಪ್ರಾಯ ಇಷ್ಟು. ರಕ್ತ ಮುಟ್ಟುವ ಕೆಲಸದವರಿಗೆ ಬಿ ಮೊದಲು, ಅದೂ ಕೆಲಸ ಶುರುವಾಗುವ ಮುಂಚೆ. ಹೆಪಟೈಟಿಸ್ ಎ ಕಲುಷಿತ ನೀರು, ಆಹಾರ, ಕೈಗಳಿಂದ ಹರಡುತ್ತದೆ, ದೀರ್ಘಕಾಲ ಉಳಿಯುವುದಿಲ್ಲ. ಬಿ ಹಾಗಲ್ಲ. ಲಿವರ್‌ನಲ್ಲಿ ಬೀಡುಬಿಟ್ಟರೆ ಸಿರೋಸಿಸ್, ಕ್ಯಾನ್ಸರ್‌ವರೆಗೂ ಹೋಗಬಹುದು. ಒಣಗಿದ ರಕ್ತದಲ್ಲೂ ಈ ವೈರಸ್ 7 ದಿನ ಬದುಕುತ್ತದೆ. ಲಸಿಕೆ ಇಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಬಿ ಅಂಟುವ ಸಾಧ್ಯತೆ ಶೇ. 6ರಿಂದ 30, ಎಚ್‌ಐವಿಗೆ ಸುಮಾರು ಶೇ. 0.3. ನಾವೆಲ್ಲ ಹೆದರುವುದು ಮಾತ್ರ ಎಚ್‌ಐವಿಗೆ.

ಎರಡೂ ಬೇಕು, ಯಾವುದೂ ಆಗಿಲ್ಲ, ಅವಸರವಿಲ್ಲ ಎನ್ನುವವರು ಧೈರ್ಯವಾಗಿ ಜೋಡಿ ಲಸಿಕೆ ತೆಗೆದುಕೊಳ್ಳಿ. ಬಿ ಆಗಲೇ ಮುಗಿದಿದ್ದರೆ ಜೋಡಿ ಯಾಕೆ? ಎ ಒಂದೇ ಸಾಕು.

ಆದರೆ ಯಾವುದೇ ದಾರಿ ಹಿಡಿಯಿರಿ, ಕೊನೆಯ ಡೋಸ್ ಆಗಿ ಒಂದರಿಂದ ಎರಡು ತಿಂಗಳೊಳಗೆ ಆಂಟಿ-ಎಚ್‌ಬಿಎಸ್ ಪರೀಕ್ಷೆ ಮಾಡಿಸಿ, ಬಿ ಟೈಟರ್ ತಿಳಿಯುವುದು ಇದರಿಂದಲೇ. ಟೈಟರ್ 10 mIU/mL ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ವಯಸ್ಸು ನಲವತ್ತು ದಾಟಿದವರಲ್ಲಿ, ಧೂಮಪಾನ ಮಾಡುವವರಲ್ಲಿ, ತೂಕ ಹೆಚ್ಚಿರುವವರಲ್ಲಿ ಲಸಿಕೆ ಹಿಡಿಯದಿರುವುದು ಹೆಚ್ಚು. ತಡಮಾಡಿದರೆ ಇನ್ನೊಂದು ತೊಡಕು: ಲಸಿಕೆ ಚೆನ್ನಾಗಿ ಹಿಡಿದವರಲ್ಲೂ ವರ್ಷಗಳಾದ ಮೇಲೆ ಸಂಖ್ಯೆ ಇಳಿಯುತ್ತದೆ. ಆಗ ಇಳಿದದ್ದೋ, ಮೊದಲಿನಿಂದಲೂ ಇರಲಿಲ್ಲವೋ ತಿಳಿಯುವುದಿಲ್ಲ.

ಆ ರಾತ್ರಿ ನನಗೆ ಬಂದದ್ದು 8. ಯಾವುದೆಂದು ಹೇಳಲಾಗದೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟು, ಲಸಿಕೆಯನ್ನೂ ಮತ್ತೆ ಶುರು ಮಾಡಿದರು. ಆಮೇಲೆ ಆರು ತಿಂಗಳು ಪ್ರತಿ ರಕ್ತಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಡೋಸ್ ಮುಗಿಸಿ ಸುಮ್ಮನಿರುವವರು ಈ ವಾರವೇ ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ.