ಗಂಜಿಯ ಬಟ್ಟಲು ಎಸೆದ ಹುಡುಗ

ಕಳೆದ ತಿಂಗಳು ಕಾಪುವಿನ ಅಕ್ಕನ ಮನೆಯಲ್ಲಿ ರಾತ್ರಿ ಊಟಕ್ಕೆ ಕುಳಿತಿದ್ದಾಗ, ದ್ವಿತೀಯ ಪಿಯು ವಿಜ್ಞಾನ ಓದುತ್ತಿರುವ ಅವಳ ಮಗ ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದ. ಅಕ್ಕ ಕೇಳಿದ್ದು, "ಇವತ್ತಿನ ಟೆಸ್ಟಿನಲ್ಲಿ ಎಷ್ಟು ಬಂತು ಮಗಾ?" ಎಂದಷ್ಟೇ. "ಕೊಬ್ಬು ಹೆಚ್ಚಾಗಿದೆ ಇವನಿಗೆ" ಎಂದು ಭಾವ ಕೈ ಎತ್ತಿದರು. ನಾನು ಅಡ್ಡ ನಿಂತೆ.

ಅದು ಕೊಬ್ಬು ಎಂದು ನನಗೆ ಅನ್ನಿಸುವುದಿಲ್ಲ. ಬೆಳಿಗ್ಗೆ 5 ಗಂಟೆಗೆ ಎದ್ದು, ಆರೂವರೆಯ ಬಸ್ಸಿನಲ್ಲಿ ಉಡುಪಿಗೆ ಹೋಗಿ, ಕಾಲೇಜು ಮುಗಿದ ಮೇಲೆ ನೀಟ್ ಕೋಚಿಂಗಿನಲ್ಲಿ ಕುಳಿತು, ರಾತ್ರಿ 8ಕ್ಕೆ ಮನೆ ಸೇರಿ, 12ರವರೆಗೆ ಓದುವ ಈ ಹುಡುಗನಿಗೆ ಸಿಗುವ ನಿದ್ರೆ 5 ಗಂಟೆ. ಹದಿಹರೆಯದವರಿಗೆ ಬೇಕಾದದ್ದು 8ರಿಂದ 10 ಗಂಟೆ. ಈ ವಯಸ್ಸಿನಲ್ಲಿ ದೇಹವೇ ನಿದ್ರೆಯ ಹೊತ್ತನ್ನು ಮುಂದೂಡುವುದರಿಂದ, ಬೇಗ ಮಲಗು ಎಂದು ಗದರಿದರೂ ಪ್ರಯೋಜನವಿಲ್ಲ. ಆವೇಗವನ್ನು ಹಿಡಿದಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ; ಬೆದರಿಕೆಗೆ ಥಟ್ಟನೆ ಎದ್ದುನಿಲ್ಲುವ, ಮಿದುಳಿನ ಒಳಗಿನ ಅಮಿಗ್ಡಲಾ ಎಂಬ ಭಾಗ ಮಾತ್ರ ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತದೆ. ನಿದ್ರೆಗೆಟ್ಟಾಗ ಆ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಗುರಿ ಕೈತಪ್ಪಿದ ಒತ್ತಡವು ಕೋಪವಾಗಿ, ಆ ಕೋಪ ಹಿಂಸೆಯಾಗಿ ಹೊರಬರಬಹುದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಗ್ನ್ಯೂ 1992ರಲ್ಲೇ ವಿವರಿಸಿದ್ದಾರೆ. ಒತ್ತಡದಲ್ಲಿರುವ ಎಲ್ಲ ಮಕ್ಕಳೂ ಬಟ್ಟಲು ಎಸೆಯುವುದಿಲ್ಲ, ನಿಜ. ಕೆಲವರು ಮಾತನ್ನೇ ಬಿಡುತ್ತಾರೆ, ಅವರ ಬಗ್ಗೆ ನನಗೆ ಇನ್ನೂ ಹೆಚ್ಚು ಭಯ.

2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ಶೇ 93.90ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ದಕ್ಷಿಣ ಕನ್ನಡ ಎರಡನೆಯದು. ನನಗೂ ಹೆಮ್ಮೆಯಾಗಿತ್ತು. ಆದರೆ ಫಲಿತಾಂಶದ ಮರುದಿನ ರಸ್ತೆಬದಿಯ ಫ್ಲೆಕ್ಸ್‌ಗಳಲ್ಲಿ ನಗುವ ಮುಖಗಳನ್ನಷ್ಟೇ ನೋಡುವ ನಾವು, ಆ ಫ್ಲೆಕ್ಸ್‌ಗೆ ಏರಲಾಗದ ಮಕ್ಕಳು ಮನೆಗೆ ಬಂದು ಯಾರ ಮೇಲೆ ಸಿಡಿಯುತ್ತಾರೆಂದು ಕೇಳಿಲ್ಲ. ಅವರು ಸಿಡಿಯುವುದು ಹೆಚ್ಚಾಗಿ ಅಮ್ಮನ ಮೇಲೆ, ಏಕೆಂದರೆ ಅವಳು ತಮ್ಮನ್ನು ಬಿಟ್ಟುಹೋಗುವುದಿಲ್ಲವೆಂಬ ನಂಬಿಕೆ ಅವರಿಗಿದೆ.

ಭಾವ ಹೊರಗೆ ಹೋದ ಮೇಲೆ ಹುಡುಗ ತಾನೇ ಬಟ್ಟೆ ತಂದು, ನೆಲಕ್ಕೆ ಅಂಟಿದ್ದ ಅನ್ನದ ಅಗುಳುಗಳನ್ನು ಒಂದೊಂದಾಗಿ ಹೆಕ್ಕಿದ. "ಚಿಕ್ಕಮ್ಮ, ಪ್ರತಿ ಟೆಸ್ಟಿನ ರ‍್ಯಾಂಕ್ ಪಟ್ಟಿಯನ್ನು ಕ್ಲಾಸಿನ ಬಾಗಿಲಿಗೆ ಅಂಟಿಸುತ್ತಾರೆ. ನನ್ನ ಹೆಸರು ಕೆಳಗಿನಿಂದ ಮೂರನೆಯದು" ಎಂದ, ತಲೆ ಎತ್ತದೆ.

ಮುಂದಿನ ಪೋಷಕರ ಸಭೆಗೆ ಅಕ್ಕನ ಜೊತೆ ನಾನೂ ಹೋಗುತ್ತಿದ್ದೇನೆ. ಆ ಪಟ್ಟಿಯನ್ನು ಬಾಗಿಲಿನಿಂದ ತೆಗೆಯಿರಿ ಎಂದು ಕೇಳಲಿದ್ದೇವೆ. ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅದೇ ಜಾಗದಲ್ಲಿ ಅಂಟಿಸಲೂ ಹೇಳುತ್ತೇವೆ.