ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ

‘ಸ್ಟೇನ್‌ಲೆಸ್ ಪೈಪ್ ಹಾಕಿಸಿದರೆ ತುಕ್ಕಿನ ಚಿಂತೆಯೇ ಇಲ್ಲ’ ಎಂಬ ಮೆಸೇಜ್ ರಾಯಚೂರಿನ ಕಾರ್ಖಾನೆಯವರ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಅರ್ಧ ನಿಜ, ಅಷ್ಟೇ.

ಈ ಸ್ಟೀಲಿನಲ್ಲಿ ಕನಿಷ್ಠ ಶೇ. 10.5 ಕ್ರೋಮಿಯಂ ಇರುತ್ತದೆ. ಅದು ಗಾಳಿ ತಾಗಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಪೊರೆ ತಾನೇ ಕೂಡಿಕೊಳ್ಳುತ್ತದೆ. ಆದರೆ ಉಪ್ಪು ಜಾಸ್ತಿ ಇರುವ ಬೋರ್ ನೀರು ಪೈಪಿನಲ್ಲಿ ನಿಂತರೆ, ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ, ಕೆಳಗೆ ಆಳದ ಗುಳಿ. ಉಳಿದ ಪೈಪೆಲ್ಲ ಫಳಫಳ. ಮೋಸ ಹೋಗುವುದೇ ಇಲ್ಲಿ, ಅಲ್ವಾ?

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬದಲು 316 ದರ್ಜೆಯದು ಹಾಕಿದರೆ, ಅದರಲ್ಲಿರುವ ಶೇ. 2–3 ಮಾಲಿಬ್ಡಿನಂ ಎಂಬ ಲೋಹದಿಂದ ತಾಳಿಕೆ ಹೆಚ್ಚು. ಪೂರ್ತಿ ರಕ್ಷಣೆ ಅಲ್ಲ. ಮೊದಲು ನೀರಿನ ಕ್ಲೋರೈಡ್ ಪರೀಕ್ಷೆ ಮಾಡಿಸಿ. ಶಟ್‌ಡೌನ್‌ನಲ್ಲಿ ನೀರು ಖಾಲಿ ಮಾಡಿ. ವೆಲ್ಡಿಂಗ್ ಕಲೆಯನ್ನು ಸಾದಾ ಕಬ್ಬಿಣದ ಬ್ರಷ್‌ನಿಂದ ಉಜ್ಜಬೇಡಿ: ಅದರ ಚೂರುಗಳೇ ಅಂಟಿಕೊಂಡು ತುಕ್ಕು ಹಿಡಿಯುತ್ತವೆ.